ಕೈಯಿಂದ ಕೈಗೆ ಹಾರ್ಡ್ ಡಿಸ್ಕ್ ಓಡಾಡುವುದು ನಿಂತಿತು

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದು ಮೂವರ ಎಡಿಟಿಂಗ್ ರೂಮು. ಮದುವೆ ಕೆಲಸವೇ ಜಾಸ್ತಿ. ಒಂದೇ ಹಾರ್ಡ್ ಡಿಸ್ಕ್ ಮೂರು ಟೇಬಲ್ ಸುತ್ತುತ್ತಿತ್ತು. ಒಮ್ಮೆ ಅಕ್ಕಿಕಾಳು ಹಾಕುವ ಶಾಟ್ ಎಡಿಟ್ ಮಾಡಿದ ಪ್ರಾಜೆಕ್ಟ್ ಮೇಲೆ ಹಳೇ ಕಾಪಿ ಬಿತ್ತು. ಎರಡು ದಿನದ ಕೆಲಸ ಹೋಯಿತು. ಅವತ್ತೇ ನ್ಯಾಸ್ ತರಲು ಹೊರಟೆವು, ಅಂದರೆ ಮೂವರೂ ನೆಟ್‌ವರ್ಕ್ ಕೇಬಲ್ ಮೂಲಕ ಬಳಸುವ ಒಂದೇ ಡಿಸ್ಕ್ ಪೆಟ್ಟಿಗೆ.

8 ಟಿಬಿಯ ನಾಲ್ಕು ಡಿಸ್ಕ್ ಹಾಕಿ ರೇಡ್ 5 ಮಾಡಿದೆವು, ಅಂದರೆ ನಾಲ್ಕೂ ಸೇರಿ ಒಂದೇ ಡಿಸ್ಕ್‌ನಂತೆ, ಅದರಲ್ಲಿ ಒಂದು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ. ಬಳಸಲು ಸಿಗುವುದು 24 ಟಿಬಿ. ಒಂದು ಡಿಸ್ಕ್ ಕೆಟ್ಟರೂ ಫೈಲ್ ಉಳಿಯುತ್ತವೆ.

ಆದರೂ ಕಿಟಕಿ ಪಕ್ಕದ ಟೇಬಲ್‌ನಲ್ಲಿ 4ಕೆ ವಿಡಿಯೋ ನಿಂತು ನಿಂತು ಓಡುತ್ತಿತ್ತು. ಸುಮ್ನೆ ಒಂದು ಫೈಲ್ ಕಾಪಿ ಮಾಡಿ ನೋಡಿದೆ. ಸೆಕೆಂಡಿಗೆ 11 ಎಂಬಿ! ಗಿಗಾಬಿಟ್ ಲೈನ್ ಅಂದರೆ ಸೆಕೆಂಡಿಗೆ 1000 ಮೆಗಾಬಿಟ್. ಎಂಟು ಮೆಗಾಬಿಟ್‌ಗೆ ಒಂದು ಎಂಬಿ, ಹಾಗಾಗಿ 110ರ ಹತ್ತಿರ ಬರಬೇಕು, ಅಲ್ವಾ? ಕೇಬಲ್ ಕಿತ್ತು ಬೆಳಕಿಗೆ ಹಿಡಿದೆ. ಪ್ಲಗ್ ಒಳಗೆ ಕಂದು ಬಣ್ಣದ ತಂತಿ ಪಿನ್‌ವರೆಗೆ ಹೋಗಿರಲೇ ಇಲ್ಲ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಕಂದು ತಂತಿ ತಪ್ಪಿದರೆ, ನಾಲ್ಕೇ ತಂತಿ ಸಾಕಾಗುವ 100 ಮೆಗಾಬಿಟ್‌ಗೆ ವೇಗ ಇಳಿಯುತ್ತದೆ. ಹೊಸ ಪ್ಲಗ್ ಕ್ರಿಂಪ್ ಮಾಡಿದ ಕೂಡಲೇ ಸರಿಹೋಯಿತು.

ಇನ್ನೊಂದು ಲೆಕ್ಕ ಉಳಿದಿತ್ತು. ನಮ್ಮ ಕ್ಯಾಮೆರಾ ಫೈಲ್ ಓಡಲು ಸೆಕೆಂಡಿಗೆ 100 ಮೆಗಾಬಿಟ್ ಬೇಕು, ಅಂದರೆ 12.5 ಎಂಬಿ. ಮೂವರೂ ತಲಾ ಮೂರು ಕ್ಯಾಮೆರಾ ಫೈಲ್ ಒಟ್ಟಿಗೆ ಓಡಿಸಿದರೆ 112 ದಾಟುತ್ತದೆ. ಒಂದು ಗಿಗಾಬಿಟ್ ಅಲ್ಲಿಗೆ ತುಂಬಿತು. ಅದಕ್ಕೇ ನ್ಯಾಸ್‌ನಿಂದ, ಎಲ್ಲ ಕೇಬಲ್ ಬಂದು ಕೂಡುವ ಪೆಟ್ಟಿಗೆಯಾದ ಸ್ವಿಚ್‌ವರೆಗೆ 2.5 ಗಿಗಾಬಿಟ್ ಮಾಡಿದೆವು. ದುಬಾರಿ 10 ಗಿಗಾಬಿಟ್ ನಮಗೆ ಬೇಕಾಗಲಿಲ್ಲ.

ರೇಡ್ ಇದ್ದರೂ ತಪ್ಪಿ ಅಳಿಸಿದ ಫೈಲ್ ವಾಪಸ್ ಬರಲ್ಲ. ಹಳೇ ಹಾರ್ಡ್ ಡಿಸ್ಕ್ ಈಗ ಬ್ಯಾಕಪ್‌ಗೆ, ಪ್ರತಿ ಶನಿವಾರ ನನ್ನ ಜೊತೆ ಮನೆಗೆ ಬರುತ್ತದೆ.