ಮಿಶಿಗನ್ ಬಿಟ್ಟು ಉದ್ಯಮಬಾಗಕ್ಕೆ

2016ರ ಮೇ ತಿಂಗಳವರೆಗೂ ನಾವು ವಾಪಸ್ ಬರುವ ಮಾತೇ ಆಡಿರಲಿಲ್ಲ. ನಾನು ಮಿಶಿಗನ್‌ನಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇಂಜಿನಿಯರ್. ಅಮೆರಿಕದಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್‌ನ ಸಾಲಿನಲ್ಲಿ ನನ್ನ ಅರ್ಜಿಯ ತಾರೀಖು 2012ರದು. ಭಾರತದವರ ಇಬಿ-2 ಸಾಲು, ಅಂದರೆ ಹೆಚ್ಚು ಓದಿದ ಉದ್ಯೋಗಿಗಳ ಸಾಲು, 2008ರ ನವೆಂಬರ್‌ಗೆ ಬಂದು ನಿಂತಿತ್ತು; ಅದಕ್ಕೂ ಮೊದಲಿನ ತಾರೀಖಿನವರಿಗಷ್ಟೇ ಕಾರ್ಡ್. ಇನ್ನು ನಾಲ್ಕು ವರ್ಷದ ಅಂತರ ಎಂದು ಬೆರಳು ಮಡಿಸಿ ಕೂತಿದ್ದೆವು. ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ, ಜೂನ್‌ಗೆ, ಸಾಲು ಒಮ್ಮೆಲೇ 2004ಕ್ಕೆ ಹಿಂದೆ ಸರಿಯಿತು.

ಸ್ವಂತ ಮಷಿನ್ ಶಾಪ್ ಹಾಕಬೇಕೆಂಬ ಹುಚ್ಚು ನನಗೆ ಕಾಲೇಜಿನಿಂದಲೂ ಇತ್ತು. ಆದರೆ ನನ್ನದು ಎಚ್-1ಬಿ ಕೆಲಸದ ವೀಸಾ, ಅಂದರೆ ಅರ್ಜಿ ಹಾಕಿದ ಧಣಿಗಷ್ಟೇ ದುಡಿಯಬೇಕು. ನನ್ನದೇ ಕಂಪನಿಯಲ್ಲಿ ಷೇರು ಇಟ್ಟುಕೊಳ್ಳಬಹುದಿತ್ತು, ಅಲ್ಲಿ ಕೂತು ಕೆಲಸ ಮಾಡುವಂತಿರಲಿಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಹುಬ್ಬಳ್ಳಿಯ ಗುರುರಾಜ ದೇಶಪಾಂಡೆಯವರ ಉದಾಹರಣೆ ಕೊಡುತ್ತಾರೆ, ಕೆನಡಾಕ್ಕೆ ಓದಲು ಹೋಗಿ ಅಮೆರಿಕದಲ್ಲಿ ಕಂಪನಿ ಕಟ್ಟಿದರು ಅಂತ. ನನ್ನ ಹಾಗೆ ವೀಸಾ ಸಾಲಿನಲ್ಲಿ ಸಿಕ್ಕಿಕೊಂಡವರ ಉದಾಹರಣೆ ಯಾರು ಕೊಡುತ್ತಾರೆ? ಮೂವತ್ತರಿಂದ ನಲವತ್ತರವರೆಗಿನ ವಯಸ್ಸನ್ನು ಬಾಡಿಗೆಗೆ ಕೊಟ್ಟಂತಾಗಿತ್ತು. ಬಾಡಿಗೆ ಚೆನ್ನಾಗಿಯೇ ಬರುತ್ತಿತ್ತು, ಅದೇ ಸಮಸ್ಯೆ.

ಬಿಟ್ಟು ಬರುವಾಗ ಹೆಚ್ಚು ಕಳೆದುಕೊಂಡವಳು ಹೆಂಡತಿ. ಎಚ್-4 (ಎಚ್-1ಬಿಯವರ ಸಂಗಾತಿಗೆ ಕೊಡುವ ವೀಸಾ) ಇದ್ದವರಿಗೆ ಕೆಲಸದ ಪರವಾನಗಿ ಸಿಗತೊಡಗಿದ್ದೇ 2015ರಲ್ಲಿ. ಅಕೌಂಟ್ಸ್ ಕೆಲಸಕ್ಕೆ ಸೇರಿ ಅವಳಿಗೆ ವರ್ಷವೂ ತುಂಬಿರಲಿಲ್ಲ.

ಆಗಸ್ಟ್‌ನಲ್ಲಿ ಬೆಳಗಾವಿಗೆ ಬಂದು ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಶೆಡ್ ಹಿಡಿದು ಸೆಕೆಂಡ್ ಹ್ಯಾಂಡ್ ವಿಎಂಸಿ (ಕಂಪ್ಯೂಟರ್ ನಡೆಸುವ, ಲೋಹ ಕೊರೆಯುವ ಮಷಿನ್) ಒಂದನ್ನು ಇಳಿಸಿದೆ. ಬ್ಯಾಂಕಿನವರು ಮೂರು ವರ್ಷದ ರಿಟರ್ನ್ಸ್ ಕೇಳಿದರು. ನನ್ನ ಬಳಿ ಇದ್ದದ್ದು ಅಮೆರಿಕದ್ದು, ಅದು ಅವರಿಗೆ ಲೆಕ್ಕಕ್ಕಿಲ್ಲ. ಉಳಿತಾಯದಲ್ಲೇ ಶುರುಮಾಡಿದೆ. ನವೆಂಬರ್ 8ಕ್ಕೆ ನೋಟು ರದ್ದು. ಹುಡುಗರಿಗೆ ವಾರದ ಪಗಾರ ಕೊಡಲು ಎಟಿಎಂ ಮುಂದೆ ನಿಂತು ಮತ್ತೆ ಪಾಳಿ ಹಚ್ಚಿದೆ.

ನನ್ನ ಸಹಪಾಠಿಯೊಬ್ಬ ಊರು ಬಿಟ್ಟವನೇ ಅಲ್ಲ. ನಾನು ಮೊದಲ ಮಷಿನ್ ತರುವ ಹೊತ್ತಿಗೆ ಅವನ ಶೆಡ್‌ನಲ್ಲಿ ಹದಿನಾಲ್ಕಿದ್ದವು. 'ಬಂದೇನಲೇ? ಛಲೋ ಆತು. ಆದ್ರ ಜುಲೈದಾಗ ದೊಡ್ಡ ಆರ್ಡರ್ ಹಿಡಿಬ್ಯಾಡ' ಅಂದ. ಯಾಕೆಂದು ಆಗ ತಿಳಿಯಲಿಲ್ಲ. ಮುಂದಿನ ಮಳೆಗಾಲಕ್ಕೆ ತಿಳಿಯಿತು. ಖಾನಾಪುರ ಕಡೆಯ ನನ್ನ ಮೂವರು ಆಪರೇಟರ್‌ಗಳಲ್ಲಿ ಇಬ್ಬರು ಭತ್ತದ ನಾಟಿಗೆ ಊರಿಗೆ ಹೋದರು. ಅದೇ ತಿಂಗಳು ಜಿಎಸ್‌ಟಿಯೂ ಬಂತು. ಇಂಥವನ್ನು ಅವನು ಯಾವ ಪುಸ್ತಕದಲ್ಲೂ ಓದಿದವನಲ್ಲ. ಯಾವ ಫೌಂಡ್ರಿಯ ಎರಕದಲ್ಲಿ ಬ್ಲೋಹೋಲ್ (ಗಾಳಿಗುಳ್ಳೆಯ ತೂತು) ಬರುತ್ತದೆ, ಯಾವ ಗಿರಾಕಿ ತೊಂಬತ್ತು ದಿನ ದುಡ್ಡು ಎಳೆಯುತ್ತಾನೆ, ಎಲ್ಲ ಅವನ ಬಾಯಲ್ಲೇ ಇತ್ತು. (ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರಿಂದ ಕಾಯ್ದೆಯೇ ಇದೆ. ದೂರು ಕೊಟ್ಟರೆ ದುಡ್ಡು ಬರಬಹುದು, ಮುಂದಿನ ಆರ್ಡರ್ ಬರುವುದಿಲ್ಲ.)

ನನಗೆ ಗೊತ್ತಿದ್ದದ್ದು ಒಂದೇ: ಸಮುದ್ರದಾಚೆಯ ಗಿರಾಕಿಗೆ ಯಾವುದರ ಭಯ ಎಂಬುದು. ನಾವು ಮಾಡುತ್ತಿದ್ದದ್ದು ಹೈಡ್ರಾಲಿಕ್ ಮ್ಯಾನಿಫೋಲ್ಡ್ ಬ್ಲಾಕ್, ಎಣ್ಣೆಯ ಒತ್ತಡದಲ್ಲಿ ನಡೆಯುವ ಮಷಿನ್‌ಗಳಲ್ಲಿ ಎಣ್ಣೆಗೆ ದಾರಿ ಹಂಚುವ ಭಾಗ. ಉಕ್ಕಿನ ಗಟ್ಟಿಯೊಳಗೆ ಅಡ್ಡಡ್ಡ ತೂತುಗಳು. ತೂತು ತೂತನ್ನು ಕೂಡುವಲ್ಲಿ ಕೂದಲೆಳೆಯಷ್ಟು ಬರ್ (ಕೊರೆದಾಗ ಅಂಚಿಗೆ ಅಂಟಿಕೊಳ್ಳುವ ಲೋಹದ ಚೂರು) ಉಳಿದರೂ ಎಣ್ಣೆಯ ಒತ್ತಡಕ್ಕೆ ಕಿತ್ತು ಹೋಗಿ ವಾಲ್ವ್‌ನೊಳಗೆ ಸರಿದಾಡುವ ಸ್ಪೂಲ್‌ನಲ್ಲಿ ಕಚ್ಚಿಕೊಳ್ಳುತ್ತದೆ, ಮಷಿನ್ ನಿಲ್ಲುತ್ತದೆ. ಲೋಕಲ್ ಗಿರಾಕಿಯಾದರೆ ಟೆಂಪೋದಲ್ಲಿ ವಾಪಸ್ ಕಳಿಸಿ ಬೈಯುತ್ತಾನೆ, ಸಂಜೆಗೆ ಸರಿಮಾಡಿ ಕೊಟ್ಟರಾಯಿತು. ಹಡಗಿನ ಮಾಲು ತಲುಪಲು ವಾರಗಟ್ಟಲೆ ಬೇಕು. ಅಲ್ಲಿ ತಪ್ಪು ಸಿಗುವ ಹೊತ್ತಿಗೆ ಅದೇ ತಪ್ಪಿನ ಇನ್ನೆರಡು ಲಾಟ್ ನೀರಿನ ಮೇಲಿರುತ್ತವೆ. ಬದಲಿ ಮಾಲನ್ನು ವಿಮಾನದಲ್ಲಿ ಕಳಿಸಿದರೆ ವರ್ಷದ ಲಾಭ ಅದರಲ್ಲೇ ಹೋಯಿತು. ಮಿಶಿಗನ್‌ನಲ್ಲಿ ಇಂಥ ಮಾಲನ್ನು ತಿರಸ್ಕರಿಸಿ ಕೆಂಪು ಚೀಟಿ ಹಚ್ಚುವ ಕೆಲಸವೇ ನನ್ನದಾಗಿತ್ತು. ಪೂರೈಕೆದಾರ ಬರೆಯುತ್ತಿದ್ದ ಸಬೂಬುಗಳೆಲ್ಲ ನನಗೆ ಬಾಯಿಪಾಠ.

ಹೀಗಾಗಿ ನಾನು ಮೊದಲು ಕೊಂಡದ್ದು ಎರಡನೇ ಮಷಿನ್ ಅಲ್ಲ, ತೂತಿನೊಳಗೆ ನೋಡುವ ಬೋರ್‌ಸ್ಕೋಪ್. ಸಹಪಾಠಿ ನಕ್ಕ. 'ಹೊಟ್ಟಿ ಸ್ಕ್ಯಾನಿಂಗ್ ಮಾಡ್ತೀಯೇನಲೇ ಬ್ಲಾಕಿಗೆ?' ಮೂರನೇ ವರ್ಷ ನನಗೊಂದು ರಫ್ತಿನ ಆರ್ಡರ್ ಸಿಕ್ಕಿತು, ಒಬ್ಬನೇ ಮುಗಿಸಲಾಗದಷ್ಟು. ಅರ್ಧ ಅವನ ಶೆಡ್‌ನಲ್ಲೇ ಮಾಡಿಸಿದೆ. ಈಗ ಅವನ ಬಳಿ ಎರಡು ಬೋರ್‌ಸ್ಕೋಪ್ ಇವೆ, ನಾನು ಜುಲೈನಲ್ಲಿ ದೊಡ್ಡ ಆರ್ಡರ್ ಹಿಡಿಯುವುದಿಲ್ಲ.

2022ರ ಸೆಪ್ಟೆಂಬರ್ ಬುಲೆಟಿನ್‌ನಲ್ಲಿ ಇಬಿ-2 ಸಾಲು 2014ರ ಡಿಸೆಂಬರ್‌ಗೆ ಹಾರಿತು. ಶಾಪ್‌ನ ಲೆಕ್ಕ ಈಗ ಹೆಂಡತಿಯದೇ. ಆಫೀಸಿನಲ್ಲಿ ಕೂತವಳು ಫೋನ್ ನನ್ನ ಕಡೆ ತಿರುಗಿಸಿ, 'ಅಲ್ಲೇ ಇದ್ದಿದ್ರ ಈಗ ಕಾರ್ಡ್ ಬರ್ತಿತ್ತು ನೋಡ್ರಿ' ಅಂದಳು. ಅವಳ ದನಿಯಲ್ಲಿ ಬೇಸರ ಇತ್ತೋ ಇಲ್ಲವೋ ಹೇಳಲಾರೆ. ನಾನು ಏನೋ ಹೇಳುವಷ್ಟರಲ್ಲಿ ಕರೆಂಟ್ ಹೋಯಿತು. ಬ್ಲಾಕ್‌ನೊಳಗೆ ಡ್ರಿಲ್ ಸಿಕ್ಕಿಕೊಂಡಿದೆಯೇನೋ ಎಂದು ಇಬ್ಬರೂ ಶೆಡ್ ಕಡೆ ಓಡಿದೆವು.