ತೈಲಬಾವಿಯ ವಾಲ್ವ್, ಲೈನ್‌ಮನೆಯ ಬೋರಿಂಗ್: ನನ್ನ ಅನುಭವ

ಮಳೆಗಾಲದಲ್ಲಿ ನಮ್ಮ ಸಿದ್ದಾಪುರದ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಲೈನ್‌ಮ್ಯಾನಿಗೂ ಗೊತ್ತಿರುವುದಿಲ್ಲ. ಒಂದು ಸಿಲ್ವರ್ ಓಕ್ ಮರ ತಂತಿ ಮೇಲೆ ಬಿದ್ದರೆ ಸಾಕು. ಮೋಟರ್ ಹಾಕಿದ ಬೋರ್‌ವೆಲ್ ಇದ್ದೂ ಇಲ್ಲದ ಹಾಗೆ. ಆಗ ತೋಟದ ಕೆಲಸಗಾರರು ಸಾಲಾಗಿ ವಾಸಿಸುವ ಲೈನ್‌ಮನೆಗಳಿಗೆ ಉಳಿಯುವುದು ಹಳೇ ಕೈಪಂಪು, ಅಂದರೆ ಬೋರಿಂಗ್. ಅದೂ ಕೈಕೊಟ್ಟರೆ ಕಷ್ಟ.

ನಾನು ಕೆಲಸ ಮಾಡಿದ್ದು ಗುಜರಾತಿನ ಮೆಹ್ಸಾಣದಲ್ಲಿ. ತೈಲಬಾವಿಗಳ ಪ್ಲಂಜರ್ ಪಂಪುಗಳನ್ನು ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸುವ ವರ್ಕ್‌ಶಾಪಿನಲ್ಲಿ. ಊರಿಗೆ ವಾಪಸ್ ಬಂದ ಮೇಲೆ ಲೈನ್‌ಮನೆಯ ಬೋರಿಂಗ್ ಬಿಚ್ಚಿದಾಗ ಹೊಸದೇನೂ ಕಾಣಲಿಲ್ಲ. ಮೇಲಿಂದ ಇಳಿದ ರಾಡ್, ಸುತ್ತ ಪೈಪ್, ತಳದಲ್ಲಿ ಸಿಲಿಂಡರ್, ಅದರೊಳಗೆ ಎರಡು ವಾಲ್ವ್. ಅಲ್ಲಿ ಸಾವಿರ ಮೀಟರ್ ಆಳ, ಇಲ್ಲಿ ಮೂವತ್ತು. ಅಲ್ಲಿ ಮೋಟರ್ ರಾಡ್ ಎತ್ತುತ್ತದೆ, ಇಲ್ಲಿ ನಮ್ಮ ತೋಳು. ಕೆಲಸ ಮಾಡುವ ರೀತಿ ಮಾತ್ರ ಒಂದೇ.

ಗೊತ್ತಿಲ್ಲದವರಿಗೆ ಎರಡೇ ಮಾತಿನಲ್ಲಿ ಹೇಳುತ್ತೇನೆ. ತಳದಲ್ಲಿ ಅಲುಗಾಡದ ಒಂದು ವಾಲ್ವ್ ಇರುತ್ತದೆ, ಸ್ಟ್ಯಾಂಡಿಂಗ್ ವಾಲ್ವ್. ರಾಡಿನ ತುದಿಯಲ್ಲಿ ಸಿಲಿಂಡರಿನೊಳಗೆ ಆಡುವ ಪಿಸ್ಟನ್ ಇರುತ್ತದೆ, ಅದೇ ಪ್ಲಂಜರ್. ಅದರ ಜೊತೆ ಮೇಲೆ ಕೆಳಗೆ ಹೋಗುವುದು ಟ್ರಾವಲಿಂಗ್ ವಾಲ್ವ್. ಪ್ಲಂಜರ್ ಮೇಲೇರುವಾಗ ಟ್ರಾವಲಿಂಗ್ ಮುಚ್ಚಿ ಮೇಲಿನ ಭಾರವನ್ನೆಲ್ಲ ಹೊರುತ್ತದೆ. ಸ್ಟ್ಯಾಂಡಿಂಗ್ ತೆರೆದು ಸಿಲಿಂಡರ್ ತುಂಬಿಸುತ್ತದೆ. ಇಳಿಯುವಾಗ ಉಲ್ಟಾ. ನಿಮಿಷಕ್ಕೆ ಆರು ಹೊಡೆತ ಅಂತ ಇಟ್ಟುಕೊಂಡರೂ ದಿನಕ್ಕೆ 8,640 ಸಲ, ವರ್ಷಕ್ಕೆ 31 ಲಕ್ಷಕ್ಕೂ ಜಾಸ್ತಿ ಸಲ ಪ್ರತಿ ವಾಲ್ವ್ ತೆರೆದು ಮುಚ್ಚಬೇಕು. ಅದೂ ಕಣ್ಣಿಗೆ ಕಾಣದ ಆಳದಲ್ಲಿ.

ಪಂಪ್ ಸರಿಯಾಗಿ ಎಳೆಯುತ್ತಿಲ್ಲ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ವಾಲ್ವಿನ ತೂತು ದೊಡ್ಡದು ಮಾಡೋಣ ಅನ್ನುವುದು. ನನ್ನ ಅನುಭವದಲ್ಲಿ ತೂತು ಸಾಲದೆ ಕೆಟ್ಟ ಪಂಪುಗಳು ಕಡಿಮೆ. ವಾಲ್ವ್ ತಡವಾಗಿ ಮುಚ್ಚಿ, ಅರ್ಧ ಮುಚ್ಚಿ, ಇಲ್ಲ ಓರೆಯಾಗಿ ಮುಚ್ಚಿ ಕೆಟ್ಟವೇ ಜಾಸ್ತಿ.

ತೈಲಬಾವಿಯಲ್ಲಿ ವಾಲ್ವ್ ಅಂದರೆ ಒಂದು ಗುಂಡು, ಒಂದು ಬಳೆ. ಬಳೆಯೇ ಸೀಟ್. ಸಾವಿರ ಮೀಟರ್ ಎಣ್ಣೆ-ನೀರಿನ ಕಂಬ ಗುಂಡಿನ ಮೇಲೆ ಕೂತರೆ ಒಂದು ಚದರ ಸೆಂಟಿಮೀಟರಿಗೆ ನೂರು ಕೆಜಿಯ ಹತ್ತಿರ ಒತ್ತಡ. ಗುಂಡು ಮತ್ತು ಸೀಟಿನ ನಡುವೆ ಕೂದಲೆಳೆ ಸಂದಿ ಇದ್ದರೂ ಆ ಒತ್ತಡದಲ್ಲಿ ಎಣ್ಣೆ ನುಗ್ಗುತ್ತದೆ, ಜೊತೆಗೆ ಮರಳು ಬೇರೆ. ಸೀಟಿನ ಅಂಚಿನಲ್ಲಿ ತಂತಿ ಎಳೆದ ಹಾಗೆ ಒಂದು ಗೀರು ಬೀಳುತ್ತದೆ. ಗೀರು ಬಿದ್ದ ಮೇಲೆ ಸೋರಿಕೆ ತನ್ನ ದಾರಿಯನ್ನು ತಾನೇ ಅಗಲ ಮಾಡಿಕೊಳ್ಳುತ್ತದೆ.

ಹಾಗಾಗಿ ನಮ್ಮ ಬೆಂಚಿನ ಮೇಲೆ ಮೊದಲ ಕೆಲಸ ಸೀಟ್ ಲ್ಯಾಪಿಂಗ್, ಅಂದರೆ ಪೇಸ್ಟ್ ಹಾಕಿ ಸೀಟನ್ನು ನುಣುಪಾಗಿ ಉಜ್ಜುವುದು. ಇಲ್ಲಿ ಗ್ಯಾರೇಜಿನಿಂದ ಬಂದ ಹುಡುಗರು ತಪ್ಪದೆ ಎಡವುತ್ತಿದ್ದರು. ಎಂಜಿನ್ ವಾಲ್ವನ್ನು ಅದರ ಸೀಟಿನ ಮೇಲೇ ಪೇಸ್ಟ್ ಹಾಕಿ ಉಜ್ಜುತ್ತಾರೆ. ಅಲ್ಲಿ ಅದು ಸರಿ, ಯಾಕೆಂದರೆ ಕಾಂಡ ಇರುವ ವಾಲ್ವ್ ಯಾವಾಗಲೂ ಅದೇ ಅಂಚಿನ ಮೇಲೆ ಕೂರುತ್ತದೆ. ಗುಂಡು ಹಾಗಲ್ಲ, ಪ್ರತಿ ಹೊಡೆತಕ್ಕೂ ಉರುಳಿ ಬೇರೆ ಮಗ್ಗುಲಲ್ಲಿ ಕೂರುತ್ತದೆ. ಅದನ್ನೇ ಹಾಕಿ ಉಜ್ಜಿದರೆ ಗುಂಡಿನ ಸುತ್ತ ಒಂದು ಉಂಗುರದ ಗುರುತು ಬೀಳುತ್ತದೆ. ಆಮೇಲೆ ಆ ಉಂಗುರ ಓರೆಯಾಗಿ ಬಂದಾಗೆಲ್ಲ ಸೋರಿಕೆ. ಉಜ್ಜಲಿಕ್ಕೆ ಅಂತಲೇ ಅದೇ ಅಳತೆಯ ಬೇರೆ ಗುಂಡು ಇಟ್ಟುಕೊಳ್ಳಬೇಕು. ಅಸಲಿ ಗುಂಡಿಗೆ ಪೇಸ್ಟ್ ತಾಗಿಸಲೇಬಾರದು.

ಆಮೇಲೆ ವ್ಯಾಕ್ಯೂಮ್ ಪರೀಕ್ಷೆ. ಸೀಟನ್ನು ಚೆನ್ನಾಗಿ ಒರೆಸಿ ರಬ್ಬರ್ ಮೇಲೆ ಇಟ್ಟು, ಗುಂಡು ಕೂರಿಸಿ, ಕೆಳಗಿನಿಂದ ಗಾಳಿ ಎಳೆಯುತ್ತಿದ್ದೆವು. ಗೇಜಿನ ಮುಳ್ಳು ಏರಿ ನಿಲ್ಲಬೇಕು, ಕದಲಬಾರದು. ಗುಂಡನ್ನು ಸ್ವಲ್ಪ ತಿರುಗಿಸಿ ಮತ್ತೆ ಎಳೆಯಬೇಕು. ನಾಲ್ಕೈದು ಮಗ್ಗುಲಲ್ಲೂ ಮುಳ್ಳು ನಿಂತರೆ ಆ ಜೋಡಿಗೆ ಪಾಸ್. ಪಾಸಾದ ಜೋಡಿಯನ್ನು ಬೇರೆ ಮಾಡಬಾರದು. ಎರಡೂ ಮುಖಕ್ಕೆ ಲ್ಯಾಪ್ ಆದ ಸೀಟಾದರೆ ಇನ್ನೊಂದು ಅನುಕೂಲ. ಒಂದು ಮುಖ ಸವೆದಾಗ ತಿರುಗಿಸಿ ಹಾಕಿಕೊಳ್ಳಬಹುದು.

ಸಾಮಾನು ಯಾವುದು ಅನ್ನುವುದೂ ಮುಖ್ಯ. ಮರಳು ಜಾಸ್ತಿ ಇದ್ದರೆ ಟಂಗ್‌ಸ್ಟನ್ ಕಾರ್ಬೈಡ್ ಸೀಟ್ ಬಾಳುತ್ತದೆ. ಆದರೆ ಕಾರ್ಬೈಡ್ ಗಟ್ಟಿ ಹೇಗೋ ಹಾಗೆ ಪೆಡಸು. ಸಿಲಿಂಡರ್ ಅರ್ಧ ಮಾತ್ರ ತುಂಬುವ ಬಾವಿಯಲ್ಲಿ ಪ್ಲಂಜರ್ ಖಾಲಿ ಜಾಗದಲ್ಲಿ ಇಳಿದು ದ್ರವಕ್ಕೆ ದಡ್ ಅಂತ ಬಡಿಯುತ್ತದೆ. ಆ ಏಟಿಗೆ ಕಾರ್ಬೈಡ್ ಬಿರುಕು ಬಿಡಬಹುದು. ಅಂಥ ಕಡೆ ನಾನು ಸ್ಟೇನ್‌ಲೆಸ್ ಸ್ಟೀಲಿನ ಜೋಡಿಯೇ ಸಾಕು ಅನ್ನುತ್ತಿದ್ದೆ, ಮೊದಲು ಹೊಡೆತದ ವೇಗ ಕಡಿಮೆ ಮಾಡಿ ಅಂತಲೂ ಹೇಳುತ್ತಿದ್ದೆ. ವೇಗ ಕಡಿಮೆ ಮಾಡಿ ಅಂದರೆ ಮಾತ್ರ ಯಾರಿಗೂ ಹಿಡಿಸುತ್ತಿರಲಿಲ್ಲ!

ನಮಗೆ ಹೆಚ್ಚು ತಲೆನೋವು ಕೊಟ್ಟಿದ್ದು ಗ್ಯಾಸ್. ಮೆಹ್ಸಾಣದ ಬಲೋಲ್, ಸಂಥಾಲ್ ಕಡೆ ಎಣ್ಣೆ ತುಂಬಾ ಮಂದ. ಅದನ್ನು ತೆಳ್ಳಗೆ ಮಾಡಲು ಭೂಮಿಯೊಳಗೇ ಗಾಳಿ ನುಗ್ಗಿಸಿ ಒಂದಿಷ್ಟು ಎಣ್ಣೆ ಉರಿಸುವ ಪದ್ಧತಿಯನ್ನು ಬಲೋಲಿನಲ್ಲಿ 1990ರಲ್ಲಿ ಪ್ರಯೋಗಕ್ಕೆ ಇಳಿಸಿದರು. ಉರಿದ ಮೇಲೆ ಹೊಗೆ ಇರಲೇಬೇಕಲ್ಲ. ಆ ಗ್ಯಾಸ್ ಎಣ್ಣೆ ಜೊತೆಗೇ ಪಂಪಿಗೆ ಬರುತ್ತದೆ.

ಲೆಕ್ಕ ಹೀಗೆ. ಟ್ರಾವಲಿಂಗ್ ವಾಲ್ವಿನ ಮೇಲೆ ನೂರು ಕೆಜಿ ಒತ್ತಡ. ಸಿಲಿಂಡರಿನೊಳಗೆ ಬಂದ ಗ್ಯಾಸಿನ ಒತ್ತಡ ಐದು ಕೆಜಿ ಅಂತಿಟ್ಟುಕೊಳ್ಳಿ. ಪ್ಲಂಜರ್ ಇಳಿದು ಆ ಗ್ಯಾಸನ್ನು ಇಪ್ಪತ್ತನೇ ಒಂದು ಭಾಗಕ್ಕೆ ಅದುಮಿದರೆ ತಾನೇ ಕೆಳಗಿನ ಒತ್ತಡ ನೂರಾಗಿ ಗುಂಡು ಏಳುವುದು? ಪ್ಲಂಜರ್ ಪೂರ್ತಿ ಇಳಿದ ಮೇಲೂ ಎರಡು ವಾಲ್ವಿನ ನಡುವೆ ಅದಕ್ಕಿಂತ ಜಾಸ್ತಿ ಜಾಗ ಉಳಿದರೆ ಗುಂಡು ಏಳುವುದೇ ಇಲ್ಲ. ಮೇಲೆ ಹೋದಾಗ ಅದೇ ಗ್ಯಾಸ್ ಹಿಗ್ಗುತ್ತದೆ, ಹಾಗಾಗಿ ಕೆಳಗಿನ ವಾಲ್ವೂ ತೆರೆಯುವುದಿಲ್ಲ. ಮೇಲೆ ಯಂತ್ರ ಗಂಭೀರವಾಗಿ ತಲೆಯಾಡಿಸುತ್ತಲೇ ಇರುತ್ತದೆ, ಟ್ಯಾಂಕಿಗೆ ಒಂದು ಹನಿ ಬೀಳುವುದಿಲ್ಲ. ಇದನ್ನೇ ಗ್ಯಾಸ್ ಲಾಕ್ ಅನ್ನುತ್ತಾರೆ.

ನಾವು ಮಾಡಿದ್ದರಲ್ಲಿ ಫಲ ಕೊಟ್ಟಿದ್ದು ಸತ್ತ ಜಾಗ, ಅಂದರೆ ಎರಡು ವಾಲ್ವಿನ ನಡುವೆ ಉಳಿಯುವ ಜಾಗ, ಕಡಿಮೆ ಮಾಡುವುದು. ಸ್ಟ್ಯಾಂಡಿಂಗ್ ವಾಲ್ವಿನ ಗುಂಡು ಆಡುವ ಪಂಜರ, ಅಂದರೆ ಕೇಜ್, ಸುಮ್ನೆ ಉದ್ದ ಇರುತ್ತಿತ್ತು. ಅದನ್ನು ಗಿಡ್ಡದ್ದು ಹಾಕಿದೆವು. ಟ್ರಾವಲಿಂಗ್ ವಾಲ್ವನ್ನು ಪ್ಲಂಜರಿನ ಕೆಳತುದಿಗೆ ತಂದೆವು. ಮೇಲಿನ ಕ್ಲ್ಯಾಂಪ್ ಸಡಿಲಿಸಿ ರಾಡನ್ನು ಇಳಿಸಿ, ಪ್ಲಂಜರ್ ತಳಕ್ಕೆ ಆದಷ್ಟು ಹತ್ತಿರ ಬರುವ ಹಾಗೆ ಕೂರಿಸಿದೆವು. ಹತ್ತಿರ ಅಂದರೆ ತಾಗಬಾರದು. ಬೇಕಂತಲೇ ಪ್ರತಿ ಹೊಡೆತಕ್ಕೂ ತಳಕ್ಕೆ ಕುಟ್ಟಿಸಿ ಗುಂಡು ಅಲುಗಿಸುವವರನ್ನೂ ನೋಡಿದ್ದೇನೆ. ಅವತ್ತಿಗೆ ಎಣ್ಣೆ ಬರುತ್ತದೆ, ಮುಂದೆ ರಾಡ್ ತುಂಡಾಗುತ್ತದೆ.

ಅಷ್ಟಕ್ಕೂ ಬಗ್ಗದ ಬಾವಿಗೆ ಪಂಪಿನ ತಲೆಯ ಮೇಲೆ, ರಾಡಿನ ಸುತ್ತ ಜಾರುವ ಉಂಗುರದಂಥ ಇನ್ನೊಂದು ವಾಲ್ವ್ ಹಾಕುತ್ತಾರೆ. ಪ್ಲಂಜರ್ ಇಳಿಯುವಾಗ ಅದು ಮುಚ್ಚಿ ಮೇಲಿನ ಕಂಬದ ಭಾರವನ್ನು ತಾನು ಹಿಡಿದುಕೊಳ್ಳುತ್ತದೆ. ಟ್ರಾವಲಿಂಗ್ ಗುಂಡಿನ ತಲೆ ಮೇಲಿನ ಒತ್ತಡ ಇಳಿದು, ಅದು ಬೇಗ ತೆರೆಯುತ್ತದೆ. ಉಪಾಯ ಒಳ್ಳೆಯದೇ. ಆದರೆ ಸವೆಯುವ ಜಾಗ ಇನ್ನೊಂದು ಸೇರಿತು. ಮರಳಿನ ಬಾವಿಗೆ ಹಾಕುವ ಮುಂಚೆ ಎರಡು ಸಲ ಯೋಚಿಸಬೇಕು.

ಇನ್ನು ಊರಿನ ಬೋರಿಂಗಿಗೆ ಬರೋಣ. ನಮ್ಮ ಕಡೆ ಇರುವುದು ಇಂಡಿಯಾ ಮಾರ್ಕ್ 2. ಸಿಲಿಂಡರಿನ ಒಳವ್ಯಾಸ 63.5 ಮಿ.ಮೀ., ಹೊಡೆತದ ಉದ್ದ 125 ಮಿ.ಮೀ. ಗುಣಿಸಿದರೆ ಒಂದು ಹೊಡೆತಕ್ಕೆ ಹತ್ತಿರ ಹತ್ತಿರ 400 ಮಿ.ಲೀ. ನೀರು. ನಲವತ್ತು ಸಲ ಹೊಡೆದರೆ ಹದಿನೈದು ಲೀಟರಿನ ಕೊಡ ತುಂಬಬೇಕು. ನಮ್ಮ ಲೈನಿನಲ್ಲಿ ಕೊಡ ತುಂಬುತ್ತಿತ್ತು. ತೊಂದರೆ ಬೇರೆ. "ಅಣ್ಣ, ಹೊಡೀತಾ ಇದ್ರೆ ನೀರು ಬರ್ತದೆ. ಬಿಟ್ಟು ಬಂದ್ರೆ ಮತ್ತೆ ಮೊದಲಿಂದ ಹೊಡೀಬೇಕು," ಅಂದ ಮೇಸ್ತ್ರಿ. ಅರ್ಧ ಕಾಯಿಲೆ ಅವನೇ ಹೇಳಿಬಿಟ್ಟಿದ್ದ. ನೀರು ಇಳಿದು ಹೋಗುತ್ತಿದೆ.

ಎಲ್ಲಿಂದ? ಫುಟ್ ವಾಲ್ವಿನಿಂದಲೂ (ಬೋರಿಂಗಿನ ಸ್ಟ್ಯಾಂಡಿಂಗ್ ವಾಲ್ವ್) ಇರಬಹುದು, ಪೈಪಿನ ಜಾಯಿಂಟಿನಿಂದಲೂ ಇರಬಹುದು. ಪೈಪ್ ಎತ್ತುವ ಮುಂಚೆ ಇದು ಗೊತ್ತಾಗಬೇಕು. ತೈಲಬಾವಿಯಲ್ಲಿ ಯಂತ್ರ ನಿಲ್ಲಿಸಿ ರಾಡಿನ ಮೇಲಿನ ಭಾರ ಅಳೆಯುತ್ತಾರೆ. ಏರುವಾಗ ನಿಲ್ಲಿಸಿ ಭಾರ ಇಳಿಯುತ್ತಾ ಹೋದರೆ ಟ್ರಾವಲಿಂಗ್ ಅಥವಾ ಪ್ಲಂಜರ್ ಸೋರುತ್ತಿದೆ, ಇಳಿಯುವಾಗ ನಿಲ್ಲಿಸಿ ಭಾರ ಏರಿದರೆ ಸ್ಟ್ಯಾಂಡಿಂಗ್. ಬೋರಿಂಗಿಗೆ ಅಷ್ಟೆಲ್ಲ ಬೇಡ, ಹೊಡೆತ ಎಣಿಸಿದರೆ ಸಾಕು. 32 ಮಿ.ಮೀ. ಪೈಪಿನಲ್ಲಿ ರಾಡಿನ ಜಾಗ ಕಳೆದರೆ ಒಂದು ಹೊಡೆತಕ್ಕೆ ನೀರು ಅಂದಾಜು ಒಂದೂವರೆ ಅಡಿ ಏರುತ್ತದೆ. ನೀರು ಬರಿಸಿ, ಅರ್ಧ ಗಂಟೆ ಬಿಟ್ಟು, ಮತ್ತೆ ಹೊಡೆದು ಎಣಿಸಿ. ಇನ್ನೊಂದು ಸಲ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಎಣಿಸಿ. ಎರಡು ಸಲವೂ ಲೆಕ್ಕ ಒಂದೇ ಬಂದರೆ ನೀರು ಒಂದು ಮಟ್ಟಕ್ಕೆ ಇಳಿದು ನಿಂತಿದೆ ಅಂತ ಅರ್ಥ. ಅಲ್ಲೇ ಪೈಪ್ ತೂತಾಗಿದೆ. ಹದಿನಾಲ್ಕು ಹೊಡೆತ ಅಂದರೆ ಸುಮಾರು ಇಪ್ಪತ್ತು ಅಡಿ ಕೆಳಗೆ. ಬಿಟ್ಟಷ್ಟೂ ಲೆಕ್ಕ ಬೆಳೆಯುತ್ತಾ ಹೋದರೆ ಫುಟ್ ವಾಲ್ವ್ ಮೇಲೆ ಅನುಮಾನ ಪಡಬಹುದು.

ನಮ್ಮದು ಬೆಳೆಯುತ್ತಿತ್ತು. ಹಗ್ಗ, ಕ್ಲ್ಯಾಂಪ್, ನಾಲ್ಕು ಜನ ಸೇರಿ ಪೈಪ್ ಎತ್ತಿದೆವು. ಮಾರ್ಕ್ 2ರ ದೊಡ್ಡ ಕಿರಿಕಿರಿಯೇ ಇದು, ಕೆಳಗಿನ ವಾಲ್ವ್ ನೋಡಬೇಕೆಂದರೆ ಮೂರು ಮೂರು ಮೀಟರಿನ ಪೈಪುಗಳನ್ನೆಲ್ಲ ಬಿಚ್ಚಿ ಹೊರಗೆ ತೆಗೆಯಬೇಕು. ಮಾರ್ಕ್ 3ರಲ್ಲಿ ಪೈಪ್ ಅಗಲ. ರಾಡ್ ಎಳೆದರೆ ಪಿಸ್ಟನ್ನೂ ಫುಟ್ ವಾಲ್ವೂ ಪೈಪಿನೊಳಗಿಂದಲೇ ಮೇಲೆ ಬರುತ್ತವೆ. ತೈಲಬಾವಿಯಲ್ಲೂ ರಾಡ್ ಜೊತೆ ಇಡೀ ಪಂಪೇ ಮೇಲೆ ಬರುವ ಇನ್ಸರ್ಟ್ ಪಂಪ್ ಇದೆ. ಹೊಸದಾಗಿ ಹಾಕಿಸುವವರು ಮಾರ್ಕ್ 3 ಕೇಳಿ. ಪೈಪಿಗೆ ದುಡ್ಡು ಜಾಸ್ತಿ, ಆದರೆ ಮುಂದೆ ಬೆನ್ನು ಉಳಿಯುತ್ತದೆ.

ಫುಟ್ ವಾಲ್ವಿನ ರಬ್ಬರಿನಲ್ಲಿ ಸಣ್ಣ ಸಣ್ಣ ಕಂದು ಚೂರು ಹೂತುಕೊಂಡಿದ್ದವು. ಮರಳು ಅಂದುಕೊಂಡು ಉಗುರಿನಿಂದ ಕೆದಕಿದರೆ ಪದರ ಪದರವಾಗಿ ಪುಡಿಯಾಯಿತು. ಜಿಐ ಪೈಪಿನ ತುಕ್ಕು. ನಮ್ಮ ಬಾವಿಯ ನೀರು ಸ್ವಲ್ಪ ಹುಳಿ ಗುಣದ್ದು, ಕಬ್ಬಿಣವನ್ನು ತಿನ್ನುತ್ತದೆ. ಮೇಲಿಂದ ಉದುರಿದ ಚೂರು ಪಿಸ್ಟನ್ ದಾಟಿ ತಳಕ್ಕೆ ಇಳಿದು ಸೀಟಿನ ಮೇಲೆ ಕೂತಿತ್ತು.

ನನ್ನ ಜೊತೆಗಿದ್ದ ವೆಲ್ಡರ್ ಕೇಳಿದ, "ನಿಮ್ಮ ಎಣ್ಣೆ ಬಾವಿ ಹಾಗೆ ಸ್ಟೀಲ್ ಗುಂಡು ಹಾಕಿಬಿಡೋಣ್ವಾ ಸಾರ್?" ಬೇಡ ಅಂದೆ. ಅಲ್ಲಿ ನೂರು ಕೆಜಿ ಒತ್ತಡ ಗುಂಡನ್ನು ಸೀಟಿಗೆ ಅದುಮಿ ಹಿಡಿಯುತ್ತದೆ, ಇಲ್ಲಿ ಮೂವತ್ತು ಮೀಟರಿಗೆ ಸಿಗುವುದು ಮೂರು ಕೆಜಿ. ಒಂದು ತುಕ್ಕಿನ ಚೂರು ಸಿಕ್ಕಿಕೊಂಡರೆ ಲೋಹದ ಮೇಲೆ ಲೋಹ ಕೂರುವುದೇ ಇಲ್ಲ. ರಬ್ಬರ್ ಸಣ್ಣ ಚೂರನ್ನು ನುಂಗಿಕೊಂಡು ಮುಚ್ಚುತ್ತದೆ. ಎಣ್ಣೆ, ಬಿಸಿ ಎರಡೂ ಇಲ್ಲದ ಕಡೆ ನೈಟ್ರೈಲ್ ರಬ್ಬರಿಗಿಂತ ಒಳ್ಳೆಯದು ಹುಡುಕಬೇಕಾಗಿಲ್ಲ.

ಬದಲಾಯಿಸಿದ್ದು ಎರಡು ಸಂಗತಿ. ಸೀಟಿನ ಹಿತ್ತಾಳೆ ಅಂಚಿನಲ್ಲಿ ಬಿದ್ದಿದ್ದ ಗೀರುಗಳನ್ನು, ಗಾಜಿನ ಮೇಲೆ ನುಣುಪು ಎಮರಿ ಹಾಳೆ ಇಟ್ಟು ಎಂಟರ ಆಕಾರದಲ್ಲಿ ಉಜ್ಜಿ ತೆಗೆದೆವು. ಎರಡನೆಯದು ವಾಲ್ವ್ ಏಳುವ ಎತ್ತರ. ಚಪ್ಪಟೆ ವಾಲ್ವ್ ತೂತಿನ ವ್ಯಾಸದ ಕಾಲು ಭಾಗ ಎದ್ದರೆ ಸುತ್ತಲಿನ ಸಂದಿ ತೂತಿನಷ್ಟೇ ದೊಡ್ಡದಾಗುತ್ತದೆ. 20 ಮಿ.ಮೀ. ತೂತಿಗೆ 5 ಮಿ.ಮೀ. ಸಾಕು. ಅದಕ್ಕಿಂತ ಜಾಸ್ತಿ ಎದ್ದರೆ ನೀರೇನೂ ಜಾಸ್ತಿ ಬರುವುದಿಲ್ಲ, ವಾಪಸ್ ಬಂದು ಕೂರಲು ತಡವಾಗುತ್ತದೆ, ಅಷ್ಟೇ. ನಮ್ಮದರಲ್ಲಿ ಎತ್ತರ ತಡೆಯುವ ಭಾಗ ಸವೆದು ವಾಲ್ವ್ ಬೇಕಾಬಿಟ್ಟಿ ಏಳುತ್ತಿತ್ತು, ಓರೆಯಾಗಿ ಕೂರುತ್ತಿತ್ತು. ಹಿತ್ತಾಳೆ ವಾಶರ್ ಕೂರಿಸಿ ಅದನ್ನು ಕಾಲು ಭಾಗಕ್ಕೆ ತಂದೆವು. ಇಳಿಸುವ ಮುಂಚೆ ಬಕೆಟ್ ನೀರಿನಲ್ಲಿ ಸಿಲಿಂಡರ್ ನಿಲ್ಲಿಸಿ, ಒಳಗೆ ನೀರು ತುಂಬಿಸಿ, ಎತ್ತಿ ಹಿಡಿದು ನೋಡಿದೆವು. ತಳದಿಂದ ತೊಟ್ಟಿಕ್ಕಲಿಲ್ಲ. ತೀರಾ ತುಕ್ಕು ತಿಂದಿದ್ದ ಪೈಪುಗಳನ್ನೂ ಬದಲಿಸಿದೆವು. ಅದಾಗದಿದ್ದರೆ ವಾಲ್ವ್ ಎಷ್ಟು ಚೆನ್ನಾಗಿ ಮಾಡಿದರೂ ಅದೇ ಕಥೆ. ಈಗ ಬೆಳಗ್ಗೆ ಎರಡು ಮೂರು ಹೊಡೆತಕ್ಕೆ ನೀರು ಬರುತ್ತದೆ.

ಬೋರಿಂಗ್ ಇಲ್ಲದವರ ತೋಟದಲ್ಲೂ ಒಂದು ಪ್ಲಂಜರ್ ಪಂಪ್ ಇರುತ್ತದೆ, ಬೋರ್ಡೋ ಹೊಡೆಯುವ ಎಚ್‌ಟಿಪಿ ಸ್ಪ್ರೇಯರ್. ಕೊಳೆರೋಗಕ್ಕೆ ಅಂತ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಹಾಕುತ್ತೇವಲ್ಲ, ಆ ಸುಣ್ಣದ ಕಲ್ಲುಪುಡಿಯೇ ಅದರ ವಾಲ್ವಿಗೆ ಶತ್ರು. ಗನ್ ಹಿಡಿದವನ ಕೈಯಲ್ಲಿ ಹೋಸ್ ಒಂದೇ ತಾಳದಲ್ಲಿ ಜಗ್ಗುತ್ತಿದ್ದರೆ ಅದರ ಮೂರು ಪ್ಲಂಜರುಗಳಲ್ಲಿ ಒಂದರ ವಾಲ್ವ್ ಮುಚ್ಚುತ್ತಿಲ್ಲವೇ ಅಂತ ಮೊದಲು ನೋಡಿ. ಬೈಪಾಸ್ ತಿರುಗಿಸಿ ಪ್ರೆಷರ್ ಏರಿಸಲು ಹೋಗಬೇಡಿ. ವಾಲ್ವಿನ ತಟ್ಟೆ ಎರಡೂ ಕಡೆ ಒಂದೇ ರೀತಿ ಇದ್ದರೆ ತಿರುಗಿಸಿ ಹಾಕಿ, ಆ ಸೀಸನ್ ಸಾಗುತ್ತದೆ. ಸುಣ್ಣದ ತಿಳಿಯನ್ನು ಗೋಣಿಯಲ್ಲಿ ಅಲ್ಲ, ತೆಳು ಬಟ್ಟೆಯಲ್ಲಿ ಸೋಸಿ. ಸಂಜೆ ಕೆಲಸ ಮುಗಿದ ಮೇಲೆ ಗನ್ನಿನಲ್ಲಿ ತಿಳಿನೀರು ಬರುವವರೆಗೆ ಪಂಪ್ ಓಡಿಸಿ ನಿಲ್ಲಿಸಿ. ಒಣಗಿದ ಸುಣ್ಣ ಸೀಟಿಗೆ ಹಿಡಿದುಕೊಂಡರೆ ಮಾರನೆ ದಿನ ಕೆರೆಯಬೇಕಾಗುತ್ತದೆ. ಕೆರೆಯುವಾಗ ಚಾಕು ಬೇಡ, ಬಿದಿರಿನ ಸೀಳು ಸಾಕು.