ಕಾರಿನ ಸ್ಕ್ರೀನ್‌ಗೆ ನಮ್ಮದೇ ಮ್ಯಾಪ್

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತೆ. ಅದಕ್ಕೇ ಜನರೇ ಸೇರಿ ಮಾಡಿದ ಉಚಿತ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುವ ಆಫ್‌ಲೈನ್ ಆಪ್ ಒಂದನ್ನು ಫೋನಿಗೆ ಹಾಕಿಕೊಂಡೆ. ಪ್ಲೇ ಸ್ಟೋರ್‌ನಿಂದ ಅಲ್ಲ, ನೇರವಾಗಿ ಎಪಿಕೆ ಫೈಲ್ (ಆಪ್ ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿಕೊಂಡು. ಫೋನಿನಲ್ಲಿ ಚೆನ್ನಾಗಿ ಓಡಿತು. ಕೇಬಲ್ ಚುಚ್ಚಿದರೆ ಕಾರಿನ ಸ್ಕ್ರೀನ್‌ನಲ್ಲಿ ಮಾತ್ರ ಪತ್ತೆಯೇ ಇಲ್ಲ!

ಮೊದಲು ಕೇಬಲ್ ಬದಲಿಸಿದೆ. ಸುಮ್ನೆ ದುಡ್ಡು ದಂಡ. ಷೋರೂಮಿನವರು 'ಕಂಪನಿ ಕೊಟ್ಟಿದ್ದಷ್ಟೇ ಸರ್' ಅಂದರು. ದುಡ್ಡು ಕೊಟ್ಟು ತಗೊಂಡ ಕಾರು ನಮ್ಮದೇ ಅಲ್ವಾ?

ವಿಷಯ ಇಷ್ಟೇ: ಸ್ಟೋರ್ ಹೊರಗಿನಿಂದ ಬಂದ ಆಪ್‌ಗಳನ್ನು ಆಂಡ್ರಾಯ್ಡ್ ಆಟೋ (ಫೋನಿನ ಆಪ್‌ಗಳನ್ನು ಕಾರಿನ ಸ್ಕ್ರೀನ್‌ಗೆ ತರುವ ಗೂಗಲ್ ವ್ಯವಸ್ಥೆ) ತಾನಾಗಿ ತೋರಿಸುವುದಿಲ್ಲ. ಫೋನಿನಲ್ಲಿ ಆಂಡ್ರಾಯ್ಡ್ ಆಟೋ ಸೆಟ್ಟಿಂಗ್ಸ್ ತೆರೆದು, ಕೆಳಗಿನ 'ವರ್ಷನ್' ಮೇಲೆ ಒತ್ತುತ್ತಲೇ ಹೋದೆ. ಹತ್ತು ಸಲ ಬೇಕಾಯಿತು. ಡೆವಲಪರ್ ಸೆಟ್ಟಿಂಗ್ಸ್ ಬೇಕಾ ಅಂತ ಕೇಳಿತು, ಹೂಂ ಅಂದೆ. ಮೇಲಿನ ಮೂರು ಚುಕ್ಕಿಯಲ್ಲಿ ಅದನ್ನು ತೆರೆದು 'ಅನ್‌ನೋನ್ ಸೋರ್ಸಸ್'ಗೆ ಟಿಕ್ ಹಾಕಿದೆ. ಆಮೇಲೆ ಕಾರಿನ ಸ್ಕ್ರೀನ್‌ನಲ್ಲಿ ಯಾವ ಆಪ್ ಕಾಣಬೇಕು ಅಂತ ಆರಿಸುವ 'ಕಸ್ಟಮೈಸ್ ಲಾಂಚರ್'ನಲ್ಲೂ ಆಪ್‌ಗೆ ಟಿಕ್ ಇದೆಯಾ ನೋಡಿ. ನಾನು ಅಲ್ಲೇ ಅರ್ಧ ಗಂಟೆ ಕಳೆದಿದ್ದು. ಕೇಬಲ್ ತೆಗೆದು ಮತ್ತೆ ಹಾಕಿದೆ, ಮ್ಯಾಪ್ ಬಂತು.

ಕಾರಿನ ಸಾಫ್ಟ್‌ವೇರ್ ಮೇಲೆ ಹಕ್ಕು ಯಾರದು ಅನ್ನೋ ಈ ಜಗಳ ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ 2015ರಲ್ಲಿ ಮಾಲೀಕರು ಕಾರಿನ ಸಾಫ್ಟ್‌ವೇರ್ ತಿದ್ದಲು ಕಾಪಿರೈಟ್ ಕಾನೂನಿನಿಂದ ವಿನಾಯಿತಿ ಕೊಟ್ಟಾಗಲೂ ಮನರಂಜನೆಯ ಸಿಸ್ಟಮ್ ಅನ್ನು ಹೊರಗಿಟ್ಟಿದ್ದರು.

ಎಪಿಕೆ ಮಾತ್ರ ಆಪ್ ಮಾಡಿದವರ ಜಾಗದಿಂದಲೇ ತಗೊಳ್ಳಿ. ಇದನ್ನೆಲ್ಲ ಗಾಡಿ ನಿಲ್ಲಿಸಿಕೊಂಡು ಮಾಡಿ, ಘಾಟಿಯ ತಿರುವಿನಲ್ಲಿ ಅಲ್ಲ.